ನಿಂತುಹೋದ ಬಿಡಿಭಾಗ, ನಿಲ್ಲಬಾರದ ಎಂಜಿನ್

ಕಾರ್ಖಾನೆಯ ಹಿಂಬದಿಯ ಶೆಡ್ಡಿನಲ್ಲಿ ಎರಡು ಮೂರು ದಶಕಗಳಿಂದ ದುಡಿಯುತ್ತಿರುವ ಡೀಸೆಲ್ ಎಂಜಿನ್ನಿಗೆ ಪಿಸ್ಟನ್, ಲೈನರ್, ಬೇರಿಂಗ್‌ಗಳನ್ನು ಹೇಗೋ ಹೊಂದಿಸಿಕೊಳ್ಳಬಹುದು. ಬುಷ್, ಶಾಫ್ಟಿನಂಥವನ್ನು ಪೀಣ್ಯದ ಲೇತ್ ಅಂಗಡಿಗಳಲ್ಲಿ ಮಾಡಿಸಿಕೊಳ್ಳಲೂಬಹುದು. ಆದರೆ ಅದರ ವೇಗವನ್ನು ಹತೋಟಿಯಲ್ಲಿಡುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಕತೆ ಬೇರೆ. ಕಂಪನಿಯನ್ನು ಕೇಳಿದರೆ ‘ಆ ಮಾದರಿಯ ತಯಾರಿಕೆ ನಿಂತಿದೆ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಟನ್‌ಗಟ್ಟಲೆ ತೂಗುವ ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಅಂಗೈ ಅಗಲದ ಒಂದು ಕಾರ್ಡಿಗಾಗಿ ಸುಮ್ಮನೆ ನಿಲ್ಲುತ್ತದೆ. ಆ ಎಂಜಿನ್ನನ್ನು ನಂಬಿಕೊಂಡಿರುವುದು ಆಸ್ಪತ್ರೆಯೋ ಶೀತಲಗೃಹವೋ ಆಗಿದ್ದರೆ ಸಮಸ್ಯೆಯ ತೀವ್ರತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಗವರ್ನರ್ ಎಂಬ ಲಗಾಮು

50 ಹರ್ಟ್ಸ್ ವಿದ್ಯುತ್ ಉತ್ಪಾದಿಸುವ ನಾಲ್ಕು ಧ್ರುವಗಳ ಜನರೇಟರ್ ನಿಮಿಷಕ್ಕೆ 1,500 ಸುತ್ತು ತಿರುಗಬೇಕು. ಹೊರೆ ಏರಲಿ, ಇಳಿಯಲಿ ಈ ವೇಗ ಬದಲಾಗದಂತೆ ನೋಡಿಕೊಳ್ಳುವುದೇ ಗವರ್ನರ್‌ನ ಕೆಲಸ. ಫ್ಲೈವೀಲ್‌ನ ಹಲ್ಲುಗಳ ಎದುರಿಗಿರುವ ಮ್ಯಾಗ್ನೆಟಿಕ್ ಪಿಕಪ್ ಪ್ರತಿ ಹಲ್ಲು ಹಾದುಹೋದಾಗಲೂ ಒಂದು ಸಂಕೇತ ನೀಡುತ್ತದೆ. 120 ಹಲ್ಲುಗಳಿದ್ದರೆ 1,500 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 3,000 ಸಂಕೇತಗಳು. ನಿಯಂತ್ರಕವು ಅವನ್ನು ಎಣಿಸಿ ಆಕ್ಚುಯೇಟರಿಗೆ ಆಜ್ಞೆ ನೀಡುತ್ತದೆ. ಆಕ್ಚುಯೇಟರ್ ಇಂಧನವನ್ನು ಹೆಚ್ಚಿಸುತ್ತದೆ ಇಲ್ಲವೇ ತಗ್ಗಿಸುತ್ತದೆ.

ಈ ಕ್ಷೇತ್ರದ ಹಿರಿಯ ಸಂಸ್ಥೆಗಳಲ್ಲಿ ಒಂದು ಅಮೆರಿಕದ ವುಡ್‌ವರ್ಡ್. 1870ರಲ್ಲಿ ಜಲಚಕ್ರಗಳ ಗವರ್ನರ್‌ನಿಂದ ಆರಂಭವಾದ ಸಂಸ್ಥೆಯಿದು. ಅದರ 2301ಎ ಮಾದರಿಯ ನಿಯಂತ್ರಕವನ್ನು ಜನರೇಟರ್ ಸೆಟ್‌ಗಳಲ್ಲಿ ಜಗತ್ತಿನಾದ್ಯಂತ ಬಳಸಲಾಗಿದೆ. ನಂತರ ಡಿಜಿಟಲ್ ಸ್ವರೂಪದ 2301ಡಿ, ಆಮೇಲೆ 2301ಇ ಬಂದವು. ಹೊಸತು ಬಂದಂತೆ ಹಳತರ ಬಿಡಿಭಾಗ ದುರ್ಲಭವಾಗುವುದು ಈ ಉದ್ಯಮದ ರೂಢಿ.

ತಯಾರಿಕೆ ನಿಲ್ಲುವುದೇಕೆ?

ಎಂಜಿನ್‌ನ ಆಯುಷ್ಯ ದಶಕಗಳ ಲೆಕ್ಕದ್ದು, ಚಿಪ್‌ನ ಮಾರುಕಟ್ಟೆಯ ಆಯುಷ್ಯ ಅದಕ್ಕಿಂತ ಬಹಳ ಕಡಿಮೆ. ಉದ್ಯಮ ನಿಯಂತ್ರಣದಲ್ಲಿ ಹೇರಳವಾಗಿ ಬಳಕೆಯಾದ 8051 ಮೈಕ್ರೋಕಂಟ್ರೋಲರನ್ನು ಇಂಟೆಲ್ 1980ರಲ್ಲಿ ಹೊರತಂದಿತು. 2007ರಲ್ಲಿ ಆ ಸರಣಿಗೆ ವಿದಾಯ ಹೇಳಿತು. ಸೀಸ ಮೊದಲಾದ ಅಪಾಯಕಾರಿ ವಸ್ತುಗಳ ಬಳಕೆಗೆ ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಕಡಿವಾಣ ಹಾಕಿದಾಗ, ಕಡಿಮೆ ಮಾರಾಟವಿದ್ದ ಅನೇಕ ಹಳೆಯ ಬಿಡಿಭಾಗಗಳನ್ನು ಮರುವಿನ್ಯಾಸಗೊಳಿಸುವ ಗೋಜಿಗೆ ತಯಾರಕರು ಹೋಗಲಿಲ್ಲ.

ಆದರೆ ತಯಾರಿಕೆ ಸಾಮಾನ್ಯವಾಗಿ ದಿಢೀರನೆ ನಿಲ್ಲುವುದಿಲ್ಲ. ಕಂಪನಿಗಳು ಮೊದಲೇ ಸೂಚನೆ ಹೊರಡಿಸಿ, ಕೊನೆಯ ಖರೀದಿಗೆ ಗಡುವು ನೀಡುತ್ತವೆ. ಆ ಸೂಚನೆ ಕಡತದಲ್ಲಿ ಕಳೆದುಹೋಗುವುದರಿಂದಲೇ ತೊಂದರೆ ಶುರುವಾಗುತ್ತದೆ. ಬಿಡಿಭಾಗಗಳ ಕಾಲಬಾಹಿರತೆಯ ನಿರ್ವಹಣೆಗೆಂದೇ ಐಇಸಿ 62402 ಎಂಬ ಅಂತರರಾಷ್ಟ್ರೀಯ ಮಾನಕವಿದ್ದು, 2019ರಲ್ಲಿ ಪರಿಷ್ಕೃತಗೊಂಡಿದೆ.

ಎಲ್ಲಿ ಹುಡುಕಬೇಕು?

ಹುಡುಕಾಟಕ್ಕೊಂದು ಕ್ರಮವಿದೆ. ಮೊದಲು ಮೂಲ ತಯಾರಕರು ಮತ್ತು ಅಧಿಕೃತ ವಿತರಕರು. ಹೊಸತು ಇಲ್ಲದಿದ್ದರೂ ದುರಸ್ತಿ ಅಥವಾ ಹಳೆಯದನ್ನು ಕೊಟ್ಟು ನವೀಕರಿಸಿದ್ದನ್ನು ಪಡೆಯುವ ವ್ಯವಸ್ಥೆ ಇರಬಹುದು. ಎರಡನೆಯದು, ಕಾರ್ಡಿನ ಮಟ್ಟದ ದುರಸ್ತಿ. ಇಡೀ ಕಾರ್ಡ್ ಸಿಗದಿದ್ದರೂ ಕೆಟ್ಟಿರುವ ಒಂದು ಚಿಪ್ ಸಿಗಬಹುದು. ಅಮೆರಿಕದ ರೋಚೆಸ್ಟರ್ ಎಲೆಕ್ಟ್ರಾನಿಕ್ಸ್‌ನಂಥ ಸಂಸ್ಥೆಗಳು ಮೂಲ ಕಂಪನಿಗಳ ಪರವಾನಗಿ ಪಡೆದು, ನಿಂತುಹೋದ ಚಿಪ್‌ಗಳನ್ನು ಪೂರೈಸುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ರಿಲೇ, ಕನೆಕ್ಟರ್, ಕೆಪ್ಯಾಸಿಟರ್‌ಗಳಂಥ ಸಾಮಾನ್ಯ ಭಾಗಗಳು ದೊರೆಯುತ್ತವೆ.

ಮೂರನೆಯದು, ಕಳಚಿದ ಯಂತ್ರಗಳ ಮಾರುಕಟ್ಟೆ. ಗುಜರಾತಿನ ಅಲಂಗ್ ಕಡಲತೀರದಲ್ಲಿ 1983ರಿಂದ ಹಡಗುಗಳನ್ನು ಒಡೆಯಲಾಗುತ್ತಿದೆ. ಹಡಗಿನ ಎಂಜಿನ್‌ಗಳೊಂದಿಗೆ ಗವರ್ನರ್, ಆಕ್ಚುಯೇಟರ್, ನಿಯಂತ್ರಣ ಫಲಕಗಳೂ ಮಾರಾಟಕ್ಕೆ ಬರುತ್ತವೆ. ಆದರೆ ಉಪ್ಪುಗಾಳಿ ತಿಂದ ಈ ವಸ್ತುಗಳನ್ನು ಪರೀಕ್ಷಿಸದೆ ಬಳಸುವಂತಿಲ್ಲ.

ನೋಟಕ್ಕೆ ಒಂದೇ, ಗುಣಕ್ಕೆ ಬೇರೆ

ಪೆಟ್ಟಿಗೆಯ ಮೇಲೆ 2301ಎ ಎಂದಿದ್ದ ಮಾತ್ರಕ್ಕೆ ಅದು ಹೊಂದುತ್ತದೆ ಎನ್ನಲಾಗದು. ಅದೇ ಹೆಸರಿನಲ್ಲಿ ಕಡಿಮೆ ವೋಲ್ಟೇಜಿನ ಮತ್ತು ಹೆಚ್ಚು ವೋಲ್ಟೇಜಿನ ಮಾದರಿಗಳಿವೆ. ಅದಕ್ಕಿಂತ ಮುಖ್ಯವಾದುದು ಕ್ರಿಯೆಯ ದಿಕ್ಕು. ನೇರ ಕ್ರಿಯೆಯ ವ್ಯವಸ್ಥೆಯಲ್ಲಿ ವಿದ್ಯುತ್ ಸಂಕೇತ ತಪ್ಪಿದರೆ ಇಂಧನ ನಿಂತು ಎಂಜಿನ್ ಸ್ತಬ್ಧವಾಗುತ್ತದೆ. ಹಿಮ್ಮುಖ ಕ್ರಿಯೆಯ ವ್ಯವಸ್ಥೆಯಲ್ಲಿ ಸಂಕೇತ ತಪ್ಪಿದರೆ ಇಂಧನ ಹೆಚ್ಚುತ್ತದೆ; ಆಗ ವೇಗವನ್ನು ಹಿಡಿಯಲು ಜೊತೆಯಲ್ಲಿ ಯಾಂತ್ರಿಕ ಗವರ್ನರ್ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಎಂಜಿನ್ ಲಂಗುಲಗಾಮಿಲ್ಲದೆ ಓಡುವ ಅಪಾಯವಿದೆ. ಆದ್ದರಿಂದ ಹೆಸರಲ್ಲ, ಫಲಕದ ಮೇಲಿನ ಪೂರ್ಣ ಭಾಗಸಂಖ್ಯೆಯೇ ಪ್ರಮಾಣ.

ನಕಲಿಯ ಹಾವಳಿ

ಕೊರತೆ ಇದ್ದಲ್ಲಿ ನಕಲಿ ಹುಟ್ಟುತ್ತದೆ. ಅಮೆರಿಕದ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ 2012ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ವರದಿಯು ರಕ್ಷಣಾ ಪೂರೈಕೆಯಲ್ಲಿ ಶಂಕಿತ ನಕಲಿ ಬಿಡಿಭಾಗಗಳ ಸುಮಾರು 1,800 ಪ್ರಕರಣಗಳನ್ನು ಗುರುತಿಸಿತು. ಅಂಥ ಭಾಗಗಳ ಒಟ್ಟು ಸಂಖ್ಯೆ 10 ಲಕ್ಷವನ್ನು ಮೀರಿತ್ತು. ಸೇನೆಯ ಕಣ್ಣಿಗೇ ಮಣ್ಣೆರಚುವವರಿಗೆ ಸಣ್ಣ ಕಾರ್ಖಾನೆ ಯಾವ ಲೆಕ್ಕ?

ಹಳೆಯ ಫಲಕಗಳಿಂದ ಕಿತ್ತ ಚಿಪ್‌ಗಳ ಮೈ ಉಜ್ಜಿ, ಹೊಸ ಅಕ್ಷರ ಅಚ್ಚೊತ್ತಿ ಮಾರುವುದು ಇದರ ಸಾಮಾನ್ಯ ವಿಧಾನ. ಉಜ್ಜಿದ ಗುರುತು, ಮತ್ತೆ ಬೆಸುಗೆ ಬಿದ್ದ ಕಾಲುಗಳು, ತಯಾರಿಕೆ ನಿಂತ ನಂತರದ ದಿನಾಂಕ ಸಂಕೇತ ಕಂಡರೆ ಎಚ್ಚರ ವಹಿಸಬೇಕು. ಖರೀದಿಯ ಮೂಲ ತಿಳಿಸುವ ದಾಖಲೆ ಕೇಳಬೇಕು. ಪರೀಕ್ಷೆಯಲ್ಲಿ ವಿಫಲವಾದರೆ ಹಣ ಮರಳಿಸುವ ಷರತ್ತನ್ನು ಲಿಖಿತವಾಗಿ ಪಡೆಯಬೇಕು.

ಕಪಾಟಿನಲ್ಲೂ ಮುಪ್ಪು

ಬಿಚ್ಚದ ಪೊಟ್ಟಣದಲ್ಲಿದ್ದ ಕಾರ್ಡ್ ಕೂಡ ವಯಸ್ಸಾಗದೆ ಉಳಿಯುವುದಿಲ್ಲ. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳು ಕಾಲಕ್ರಮದಲ್ಲಿ ಕ್ಷೀಣಿಸುತ್ತವೆ. ಬಳಕೆಯಲ್ಲಿರುವಾಗ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಬ್ಯಾಟರಿ ಆಧಾರದ ನೆನಪಿನ ಕೋಶದಲ್ಲಿ ಪ್ರೋಗ್ರಾಂ ಇದ್ದರೆ, ಬ್ಯಾಟರಿ ಸತ್ತ ದಿನ ಪ್ರೋಗ್ರಾಮೂ ಅಳಿಸಿಹೋಗುತ್ತದೆ. ಗಾಜಿನ ಕಿಂಡಿಯ ಇಪ್ರಾಂ ಚಿಪ್‌ಗೆ ಅಂಟಿಸಿದ ಕಾಗದ ಕಿತ್ತುಹೋದರೆ ಬೆಳಕಿಗೇ ಮಾಹಿತಿ ನಶಿಸಬಹುದು. ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಪ್ರೋಗ್ರಾಂ ಪ್ರತಿಯನ್ನೂ, ತಿರುಪುಗಳ ಹೊಂದಾಣಿಕೆಯ ಅಂಕಿಗಳನ್ನೂ ದಾಖಲಿಸಿಡುವುದು ಖರ್ಚಿಲ್ಲದ ವಿಮೆ.

ಬದಲಾಯಿಸುವುದು ಯಾವಾಗ?

ಒಂದೇ ಭಾಗಕ್ಕಾಗಿ ಮತ್ತೆ ಮತ್ತೆ ಅಲೆಯಬೇಕಾದರೆ, ಎಂಜಿನ್ ಉಳಿಸಿಕೊಂಡು ನಿಯಂತ್ರಕವನ್ನಷ್ಟೇ ಹೊಸದಾಗಿಸುವುದು ಲೇಸು. ಆಗ ಪಿಕಪ್, ಆಕ್ಚುಯೇಟರ್‌ಗಳ ಸಂಕೇತ ಹೊಂದುವುದೇ ಎಂದು ಪರಿಶೀಲಿಸಬೇಕು. ವೇಗ ಮಿತಿಮೀರಿದಾಗ ಎಂಜಿನ್ ನಿಲ್ಲಿಸುವ ರಕ್ಷಣಾ ವ್ಯವಸ್ಥೆ ಗವರ್ನರ್‌ನಿಂದ ಪ್ರತ್ಯೇಕವಾಗಿರಬೇಕು ಮತ್ತು ಹೊರೆ ಹಾಕುವ ಮುನ್ನ ಅದನ್ನು ಪರೀಕ್ಷಿಸಬೇಕು. ಈ ವಿಷಯದಲ್ಲಿ ರಾಜಿ ಸಲ್ಲದು.

ಭಾರತೀಯ ರೈಲ್ವೆಯ ಅನುಭವ ಇಲ್ಲಿ ಸ್ಮರಣೀಯ. ಅಮೆರಿಕದ ಆಲ್ಕೊ ಕಂಪನಿ 1969ರಲ್ಲಿ ಲೋಕೊಮೋಟಿವ್ ತಯಾರಿಕೆ ನಿಲ್ಲಿಸಿತು. ಆದರೆ ತಂತ್ರಜ್ಞಾನ ವರ್ಗಾವಣೆಯ ಒಪ್ಪಂದದಡಿ ವಾರಾಣಸಿಯ ಕಾರ್ಖಾನೆ 1964ರಿಂದಲೇ ಆ ವಿನ್ಯಾಸದ ಎಂಜಿನ್‌ಗಳನ್ನು ತಯಾರಿಸತೊಡಗಿತ್ತು. ಮೂಲ ಕಂಪನಿ ಕಣ್ಮರೆಯಾದ ಮೇಲೂ ಅವು ದಶಕಗಳ ಕಾಲ ದೇಶದುದ್ದಕ್ಕೂ ಓಡಿದವು. ನಕ್ಷೆ ಕೈಯಲ್ಲಿದ್ದವರಿಗೆ ಬಿಡಿಭಾಗದ ಚಿಂತೆ ಕಡಿಮೆ.

ಪ್ರತಿ ಕಾರ್ಖಾನೆಗೂ ನಕ್ಷೆ ಸಿಗಲಾರದು. ಆದರೆ ಭಾಗಸಂಖ್ಯೆಗಳ ಪಟ್ಟಿ, ತಂತಿ ಜೋಡಣೆಯ ಚಿತ್ರ, ಪರೀಕ್ಷಿಸಿಟ್ಟ ಒಂದು ಹೆಚ್ಚುವರಿ ಕಾರ್ಡ್ ಯಾರಿಗೂ ಅಸಾಧ್ಯವಲ್ಲ. ಇವನ್ನು ಹೊಂದಿಸಿಕೊಳ್ಳಬೇಕಾದುದು ಎಂಜಿನ್ ಓಡುತ್ತಿರುವಾಗಲೇ ಹೊರತು ನಿಂತ ಮೇಲಲ್ಲ.