ತಪ್ಪು ಗಿರಾಕಿಯದಲ್ಲ!

ಮಾಲು ಮಾರಾಟವಾಗದೆ ಉಳಿದರೆ ಅಂಗಡಿಯವನು ಗಿರಾಕಿಯನ್ನು ದೂರುತ್ತಾನೆ. ಬೇಕಾದಾಗ ಮಾಲು ಬಾರದಿದ್ದರೆ ಸಗಟು ವ್ಯಾಪಾರಿಯನ್ನು ಬೈಯುತ್ತಾನೆ. ಸಗಟು ವ್ಯಾಪಾರಿ ಕಾರ್ಖಾನೆಯತ್ತ ಬೆರಳು ತೋರಿಸುತ್ತಾನೆ. ಆದರೆ ಯಾರೊಬ್ಬರ ತಪ್ಪೂ ಇಲ್ಲದೆ ವ್ಯವಹಾರ ಕೆಡಬಹುದೆ? ಕೆಡಬಹುದು ಎಂಬುದನ್ನು ಅಮೆರಿಕದ ಮೆಸಾಚ್ಯುಸೆಟ್ಸ್ ತಂತ್ರಜ್ಞಾನ ಸಂಸ್ಥೆ (ಎಂಐಟಿ) ಆರು ದಶಕಗಳಿಂದ ಒಂದು ಆಟದ ಮೂಲಕ ತನ್ನ ವಿದ್ಯಾರ್ಥಿಗಳಿಗೆ ಕಲಿಸುತ್ತಾ ಬಂದಿದೆ.

ಈ ಪಾಠದ ಹಿಂದಿರುವ ವ್ಯಕ್ತಿ ಜೇ ಫಾರೆಸ್ಟರ್ (1918-2016). ನೆಬ್ರಾಸ್ಕಾ ರಾಜ್ಯದ ದನಕರುಗಳ ಫಾರ್ಮಿನಲ್ಲಿ ಬೆಳೆದ ಈತ ಹೈಸ್ಕೂಲಿನಲ್ಲಿದ್ದಾಗಲೇ ಹಳೆಯ ಕಾರಿನ ಬಿಡಿಭಾಗಗಳಿಂದ ಗಾಳಿಯಂತ್ರ ಮಾಡಿ ಮನೆಗೆ ವಿದ್ಯುತ್ ಒದಗಿಸಿದವರು. ಮುಂದೆ ಎಂಐಟಿಯಲ್ಲಿ 'ವರ್ಲ್‌ವಿಂಡ್' ಕಂಪ್ಯೂಟರಿನ ನಿರ್ಮಾಣಕ್ಕೆ ನೇತೃತ್ವ ವಹಿಸಿದರು. 1956ರಲ್ಲಿ ಎಂಜಿನಿಯರಿಂಗ್ ಬಿಟ್ಟು ಅದೇ ಸಂಸ್ಥೆಯ ಆಡಳಿತ ನಿರ್ವಹಣಾ ವಿಭಾಗಕ್ಕೆ ಬಂದರು.

ಅಲ್ಲಿ ಅವರಿಗೆ ಎದುರಾದದ್ದು ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಒಂದು ಒಗಟು. ಕೆಂಟಕಿಯಲ್ಲಿದ್ದ ಅದರ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳು ಕೆಲವೊಮ್ಮೆ ಹಗಲಿರುಳು ಪಾಳಿಗಳಲ್ಲಿ ದುಡಿಯುತ್ತಿದ್ದವು. ಕೆಲ ವರ್ಷಗಳ ನಂತರ ಅರ್ಧದಷ್ಟು ಕಾರ್ಮಿಕರನ್ನು ಮನೆಗೆ ಕಳಿಸುತ್ತಿದ್ದವು. ಮಾರುಕಟ್ಟೆಯ ಏರಿಳಿತವೇ ಕಾರಣ ಎಂದು ಅಧಿಕಾರಿಗಳು ಹೇಳುತ್ತಿದ್ದರು. ಫಾರೆಸ್ಟರ್ ಅವರು ದಾಸ್ತಾನು, ನೇಮಕಾತಿ ಕುರಿತ ತೀರ್ಮಾನಗಳನ್ನು ಹೇಗೆ ಕೈಗೊಳ್ಳುತ್ತಾರೆಂದು ಅಧಿಕಾರಿಗಳಿಂದಲೇ ಕೇಳಿ ತಿಳಿದರು. ಬಳಿಕ ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ಸಿಲಿನಿಂದ ವಾರವಾರದ ಲೆಕ್ಕ ಹಾಕಿದರು. ಬೇಡಿಕೆ ಏರದೆ ಇಳಿಯದೆ ಇದ್ದರೂ ಕಾರ್ಮಿಕರ ಸಂಖ್ಯೆ ಏರಿಳಿಯಬಲ್ಲದೆಂದು ಆ ಲೆಕ್ಕ ತೋರಿಸಿತು. ರೋಗ ಹೊರಗಿನಿಂದ ಬಂದದ್ದಲ್ಲ, ಕಂಪೆನಿಯ ನಿಯಮಗಳ ಒಳಗೇ ಇತ್ತು! ಇಂಥ ಲೆಕ್ಕಾಚಾರವೇ ಬೆಳೆದು 'ಸಿಸ್ಟಮ್ ಡೈನಮಿಕ್ಸ್' ಎಂಬ ಶಾಸ್ತ್ರವಾಯಿತು. 1961ರಲ್ಲಿ ಅವರ 'ಇಂಡಸ್ಟ್ರಿಯಲ್ ಡೈನಮಿಕ್ಸ್' ಗ್ರಂಥ ಹೊರಬಂತು.

ಇದನ್ನು ಉಪನ್ಯಾಸದಿಂದ ನಂಬಿಸುವುದು ಕಷ್ಟ. ಅದಕ್ಕಾಗಿ ಬಂದದ್ದು 'ಬಿಯರ್ ಆಟ'. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ - ಹೀಗೆ ನಾಲ್ಕು ಪಾತ್ರಗಳು. ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ ಕಳಿಸಬಹುದು. ಚೀಟಿ ತಲುಪಲು ಕೆಲ ವಾರ, ಮಾಲು ಬರಲು ಮತ್ತೆ ಕೆಲ ವಾರ. ದಾಸ್ತಾನು ಉಳಿದರೆ ಪೆಟ್ಟಿಗೆಯೊಂದಕ್ಕೆ ವಾರಕ್ಕೆ ಅರ್ಧ ಡಾಲರ್, ಕೊಡಲಾಗದೆ ಬಾಕಿಯಾದರೆ ಒಂದು ಡಾಲರ್ ಖರ್ಚು ಬೀಳುತ್ತದೆ.

ಗಿರಾಕಿಗಳು ಮೊದಲು ವಾರಕ್ಕೆ 4 ಪೆಟ್ಟಿಗೆ ಕೊಳ್ಳುತ್ತಾರೆ. ಬಳಿಕ ಒಮ್ಮೆ ಅದು 8ಕ್ಕೆ ಏರಿ ಅಲ್ಲಿಯೇ ನಿಲ್ಲುತ್ತದೆ. ಅಷ್ಟೇ ಬದಲಾವಣೆ. ಆದರೆ ಮಾಲು ಬರುವುದು ತಡವಾದಂತೆ ಆಟಗಾರರು ಗಾಬರಿಯಿಂದ ಆರ್ಡರ್ ಮೇಲೆ ಆರ್ಡರ್ ಹಾಕುತ್ತಾರೆ. ಮೊದಲೇ ಕೇಳಿದ್ದು ದಾರಿಯಲ್ಲಿದೆ ಎಂಬುದು ಮರೆತುಹೋಗುತ್ತದೆ. ಕಡೆಗೆ ಎಲ್ಲವೂ ಒಮ್ಮೆಲೆ ಬಂದು ಗೋದಾಮು ತುಂಬುತ್ತದೆ. ಎಂಐಟಿಯ ಜಾನ್ ಸ್ಟರ್‌ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂಡಗಳ ಸರಾಸರಿ ಖರ್ಚು ಇರಬೇಕಾದುದಕ್ಕಿಂತ ಸುಮಾರು 10 ಪಟ್ಟು ಹೆಚ್ಚು. ಆಟ ಮುಗಿದ ಮೇಲೆ ಗಿರಾಕಿಗಳ ಬೇಡಿಕೆ ಹೇಗಿತ್ತೆಂದು ಕೇಳಿದರೆ ಹೆಚ್ಚಿನವರು ದೊಡ್ಡ ಏರಿಳಿತದ ಗೆರೆ ಎಳೆಯುತ್ತಾರೆ. ನಿಜವಾದ ಅಂಕಿ ತೋರಿಸಿದಾಗ ನಂಬಲು ಹಿಂಜರಿಯುತ್ತಾರೆ.

ಇದು ಅಂಗಡಿಗಷ್ಟೇ ಸಂಬಂಧಿಸಿದ್ದಲ್ಲ. ಈ ಶಾಸ್ತ್ರದ ಇನ್ನೊಬ್ಬ ವಿದ್ವಾಂಸ ಡೆನಿಸ್ ಮೆಡೋಸ್ ಅಮೆರಿಕದ ಹಂದಿ ಸಾಕಣೆಯಂಥ ಉದ್ಯಮಗಳಲ್ಲಿ ಬೆಲೆ ಏರುವ-ಇಳಿಯುವ ಚಕ್ರವನ್ನು ಇದೇ ವಿಧಾನದಿಂದ ವಿವರಿಸಿ 1970ರಲ್ಲಿ ಪುಸ್ತಕ ಬರೆದರು. ಬೆಲೆ ಏರಿದಾಗ ಎಲ್ಲರೂ ಅದೇ ಬೆಳೆಗೆ ಕೈಹಾಕಿ, ಫಸಲು ಬರುವ ಹೊತ್ತಿಗೆ ಬೆಲೆ ನೆಲಕಚ್ಚುವುದು ನಮ್ಮ ಟೊಮೆಟೊ, ಈರುಳ್ಳಿ ಬೆಳೆಗಾರರಿಗೂ ಹೊಸತಲ್ಲ.

ಪಾಠ ಶಾಲೆಗೂ ಇಳಿಯಿತು. 1985ರಲ್ಲಿ ಬ್ಯಾರಿ ರಿಚ್ಮಂಡ್ ರೂಪಿಸಿದ 'ಸ್ಟೆಲ್ಲಾ' ಎಂಬ ತಂತ್ರಾಂಶದಲ್ಲಿ ಸಂಗ್ರಹಕ್ಕೊಂದು ಚೌಕ, ಒಳಹರಿವು-ಹೊರಹರಿವಿಗೆ ನಲ್ಲಿಯಿರುವ ಕೊಳವೆ. ಇವನ್ನು ಜೋಡಿಸಿ ಮಕ್ಕಳೂ ಜಿಂಕೆಗಳ ಸಂಖ್ಯೆಯನ್ನೋ ಸಾಂಕ್ರಾಮಿಕ ರೋಗ ಹರಡುವುದನ್ನೋ ಮಾದರಿಯಾಗಿ ಕಟ್ಟಬಹುದು. ಫಾರೆಸ್ಟರ್ ಅವರ ಗುರು, ನಿವೃತ್ತ ಡೀನ್ ಗಾರ್ಡನ್ ಬ್ರೌನ್ ಇದನ್ನು ಎಂಬತ್ತರ ದಶಕದ ಕೊನೆಯಲ್ಲಿ ಅರಿಜೋನಾದ ಟೂಸಾನ್ ನಗರದ ಆರೆಂಜ್ ಗ್ರೋವ್ ಶಾಲೆಗೆ ಒಯ್ದರು.

ಚಿಕ್ಕಂದಿನಲ್ಲೇ ಕಲಿಸುವ ಅಗತ್ಯವೇನು ಎಂಬ ಪ್ರಶ್ನೆಗೆ 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಉತ್ತರ ಕೊಟ್ಟಿತು. ಲಿಂಡಾ ಬೂತ್ ಸ್ವೀನಿ ಮತ್ತು ಸ್ಟರ್‌ಮನ್ ಸ್ನಾನದ ತೊಟ್ಟಿಗೆ ಬರುವ, ಹೋಗುವ ನೀರಿನ ಪ್ರಮಾಣ ಕೊಟ್ಟು, ತೊಟ್ಟಿಯಲ್ಲಿ ಎಷ್ಟು ನೀರಿದೆಯೆಂದು ನಕ್ಷೆಯಲ್ಲಿ ತೋರಿಸಲು ಎಂಐಟಿ ವಿದ್ಯಾರ್ಥಿಗಳಿಗೆ ಹೇಳಿದರು. ಗಣಿತದಲ್ಲಿ ಪಳಗಿದವರೂ ತಪ್ಪಿದರು. ಮುಂದೆ ವಾತಾವರಣದ ಇಂಗಾಲದ ಡೈಆಕ್ಸೈಡ್ ಕುರಿತೂ ಅವರು ಇಂಥದೇ ಪ್ರಶ್ನೆ ಕೇಳಿದರು. ಹೊಗೆಯ ಪ್ರಮಾಣ ಹೆಚ್ಚದಿದ್ದರೆ ಸಾಕು, ಅನಿಲದ ಸಂಗ್ರಹವೂ ನಿಲ್ಲುತ್ತದೆ ಎಂದು ಅನೇಕರು ಭಾವಿಸಿದ್ದರು. ನಲ್ಲಿಯ ಧಾರೆ ಹೆಚ್ಚದಿದ್ದರೂ, ಹೊರಹೋಗುವುದಕ್ಕಿಂತ ಒಳಬರುವುದು ಹೆಚ್ಚಿರುವವರೆಗೆ ತೊಟ್ಟಿ ತುಂಬುತ್ತಲೇ ಇರುತ್ತದೆ.

ಕೆಂಟಕಿಯಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಸೋಮಾರಿಗಳಾಗಿರಲಿಲ್ಲ, ಅವರನ್ನು ಮನೆಗೆ ಕಳಿಸಿದವರು ದಡ್ಡರೂ ಆಗಿರಲಿಲ್ಲ. ಹೊಣೆಗಾರರನ್ನು ಹುಡುಕುವ ಮುನ್ನ ನಿಯಮವನ್ನೂ ವಿಳಂಬವನ್ನೂ ಲೆಕ್ಕ ಹಾಕಿ ನೋಡಬೇಕು ಎಂಬುದೇ ಈ ಶಾಸ್ತ್ರ ಕಲಿಸುವ ಮೊದಲ ಪಾಠ.