ಬುದ್ಧ ದೇವರಾ? ಅಜ್ಜಿ ಕೇಳಿದ ಪ್ರಶ್ನೆ

ಅಂಬೇಡ್ಕರ್ ಜಯಂತಿಯ ವರದಿಗೆಂದು ನಾಗಮಂಗಲ ಕಡೆಯ ಒಂದು ಊರಿಗೆ ಹೋಗಿದ್ದೆ. ಟ್ರ್ಯಾಕ್ಟರ್ ಮೇಲೆ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧನ ಫೋಟೊ. ಗಂಧದಕಡ್ಡಿ ಹಿಡಿದು ಬಂದ ಅಜ್ಜಿಯೊಬ್ಬರು ಕೇಳಿದರು: "ಇದ್ಯಾವ್ ದೇವ್ರುಲಾ?"

"ವಿಷ್ಣು ಅವತಾರ ಕಣಜ್ಜಿ" ಅಂದ ಒಬ್ಬ ಹುಡುಗ. "ದೇವ್ರೇ ಅಲ್ಲ, ಮನುಷ್ಯ ಕಣಜ್ಜಿ" ಅಂದ ಇನ್ನೊಬ್ಬ.

"ಮನ್ಸನಿಗೆ ಗಂಧದ್‌ಕಡ್ಡಿ ಯಾಕ್ಲಾ?" ಅಂದರು ಅಜ್ಜಿ. ಯಾರೂ ಉತ್ತರ ಕೊಡಲಿಲ್ಲ. ನನಗೂ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು: ಅರಿವು ಪಡೆದ ಮನುಷ್ಯ ಅಂದರೆ ಯಾರು ಎಂಬ ಈ ಪ್ರಶ್ನೆ ನಮ್ಮ ತಾಲ್ಲೂಕುಗಳಿಗೆ ಹೊಸದೇನಲ್ಲ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಇದೆ. ಕೆ.ಆರ್. ಪೇಟೆ ತಾಲ್ಲೂಕಿನ ಬಸ್ತಿ ಹೊಸಕೋಟೆಯಲ್ಲಿ ಬಾಹುಬಲಿ ನಿಂತಿದ್ದಾನೆ. ಜೈನರ ತೀರ್ಥಂಕರರು ಜಗತ್ತನ್ನು ಸೃಷ್ಟಿಸಿದ ದೇವರಲ್ಲ. ಮನುಷ್ಯರಾಗಿ ಹುಟ್ಟಿ ಕೇವಲಜ್ಞಾನ ಪಡೆದವರು. ಬಾಹುಬಲಿಯ ಕಥೆ ನಿಮಗೆ ಗೊತ್ತಿರುತ್ತದೆ. ಮೈಮೇಲೆ ಬಳ್ಳಿ ಹಬ್ಬುವವರೆಗೆ ನಿಂತರೂ ಜ್ಞಾನ ಬರಲಿಲ್ಲ. 'ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆ' ಎಂಬ ಮುಳ್ಳು ಒಳಗಿತ್ತು. ಅದು ಹೋದ ಮೇಲೆ ಅರಿವು ತೆರೆಯಿತು. ಬಿಡುಗಡೆಯಾದ ಮೇಲೂ ಜೀವ ಎಂಬುದು ಉಳಿಯುತ್ತದೆ ಎನ್ನುತ್ತಾರೆ ಜೈನರು.

ಬೌದ್ಧರು ಇನ್ನೊಂದು ಹೆಜ್ಜೆ ಮುಂದೆ ಹೋದರು. 'ನನ್ನದು' ಹೋದರೆ ಸಾಲದು, ಒಳಗೆ 'ನಾನು' ಎಂಬ ಶಾಶ್ವತ ಒಡೆಯನೇ ಇಲ್ಲ ಎಂದರು. ಕಣ್ಣಿಗೆ ಬಣ್ಣ ಕಂಡಾಗ ಒಂದು ಅರಿವು ಹುಟ್ಟುತ್ತದೆ, ಕಿವಿಗೆ ಸದ್ದು ಬಿದ್ದಾಗ ಇನ್ನೊಂದು. ಒಂದು ಅಳಿದು ಮತ್ತೊಂದು ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡಾಗಿ ಒಡೆದು ಸಂಗಮದಲ್ಲಿ ಮತ್ತೆ ಸೇರುತ್ತಾಳೆ. ಹೆಸರು ಒಂದೇ, ನೀರು ಮಾತ್ರ ಪ್ರತಿ ಕ್ಷಣ ಬೇರೆ. ಮನಸ್ಸೂ ಹಾಗೇ ಎಂದು ತಿಳಿಯಬಹುದು.

ಇದನ್ನು ಒಪ್ಪದವರಲ್ಲಿ ದೊಡ್ಡವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು. ಅವರ ಶ್ರೀಭಾಷ್ಯದ ಎರಡನೇ ಅಧ್ಯಾಯದಲ್ಲಿ ಬೌದ್ಧರ ನಾಲ್ಕು ಪಂಥಗಳಿಗೂ ಉತ್ತರವಿದೆ. ಅವರ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಅರಿವು ಅಂದ ಮೇಲೆ ಅರಿಯುವವನು ಒಬ್ಬ ಬೇಕು. ನಿನ್ನೆ ನೋಡಿದವನು ನಿನ್ನೆಗೇ ಅಳಿದಿದ್ದರೆ, ಇವತ್ತು 'ನಾನು ನೋಡಿದ್ದೆ' ಎಂದು ನೆನೆಯುವವನು ಯಾರು?

ಗಟ್ಟಿ ಪ್ರಶ್ನೆಯೇ. ಬೌದ್ಧ ಪಂಡಿತ ವಸುಬಂಧು ರಾಮಾನುಜರಿಗಿಂತ ನೂರಾರು ವರ್ಷ ಮೊದಲೇ ಇಂಥ ಆಕ್ಷೇಪಕ್ಕೆ ಉತ್ತರ ಬರೆದಿದ್ದ: ನೆನಪಿಗೆ ಒಡೆಯ ಬೇಡ, ಹಿಂದಿನ ಕ್ಷಣ ಮುಂದಿನದಕ್ಕೆ ಕಾರಣವಾದರೆ ಸಾಕು. ನಮ್ಮ ಕೂಳೆ ಕಬ್ಬು ನೋಡಿ. ಹೋದ ವರ್ಷ ಕಡಿದ ಕಬ್ಬು ಫ್ಯಾಕ್ಟರಿಗೆ ಹೋಯಿತು. ಈ ವರ್ಷದ ಕಬ್ಬು ಅದೇ ಬುಡದಿಂದ ಬಂತು, ಸಿಹಿಯನ್ನೂ ತಂತು. ಅದೇ ಕಬ್ಬು ಅನ್ನೋಕಾಗಲ್ಲ, ಬೇರೆ ಅನ್ನೋಕೂ ಆಗಲ್ಲ.

ಹಾಗಾದರೆ ಅರಿವು ಪಡೆದವನು ಸತ್ತ ಮೇಲೆ ಏನಾಗುತ್ತಾನೆ? ಇದನ್ನು ಕೇಳಿದವನಿಗೆ ಬುದ್ಧ ತಿರುಗಿ ಕೇಳಿದ: ಸೌದೆ ಮುಗಿದು ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತು? ಹೋಯಿತು ಎಂಬ ಮಾತೇ ಅಲ್ಲಿ ಹೊಂದುವುದಿಲ್ಲ. ಆಸೆ, ದ್ವೇಷ, ಮೋಹದ ಬೆಂಕಿ ಆರುವುದೇ ನಿರ್ವಾಣ.

ಎಲ್ಲರ ದುಃಖ ನೀಗಲಿ ಎಂದು ನಿಂತವನನ್ನು ಬೌದ್ಧರು ಬೋಧಿಸತ್ವ ಎಂದರು. ಅಂಥ ಬೋಧಿಸತ್ವರಲ್ಲಿ ಲೋಕೇಶ್ವರ ಹೆಸರಾದವನು. ಅದೇ ಹೆಸರಿನ ಕಂಚಿನ ವಿಗ್ರಹವನ್ನು 968ರಲ್ಲಿ ಆಳುಪ ದೊರೆ ಕುಂದವರ್ಮ ಮಂಗಳೂರಿನ ಕದ್ರಿಯಲ್ಲಿ ಇರಿಸಿದ. ಕದ್ರಿ ಇಂದು ನಾಥ ಪಂಥದ ನೆಲೆ. ನಮ್ಮ ಆದಿಚುಂಚನಗಿರಿಯದೂ ನಾಥ ಪರಂಪರೆಯೇ. ಆ ಪಂಥದ ಗುರು ಮತ್ಸ್ಯೇಂದ್ರನನ್ನು ನೇಪಾಳದ ಬೌದ್ಧರು ಇವತ್ತಿಗೂ ಲೋಕೇಶ್ವರ ಎಂದೇ ಪೂಜಿಸುತ್ತಾರೆ.

ಇನ್ನು ಆ ಇಬ್ಬರು ಹುಡುಗರ ಜಗಳ. ಹಲವು ದಶಾವತಾರ ಪಟ್ಟಿಗಳಲ್ಲಿ ಬುದ್ಧ ಇರುವುದು ನಿಜ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬುದ್ಧ ವಿಷ್ಣುವಿನ ಅವತಾರವಲ್ಲ ಎಂಬುದೂ ಒಂದು. ಯಾಕೆ ಅಷ್ಟು ಖಡಾಖಂಡಿತ? ಅವತಾರ ಅಂದರೆ ಮೇಲಿನಿಂದ ಇಳಿದು ಬಂದವನು. ಬುದ್ಧ ಅಂದರೆ ನಮ್ಮ ನಡುವೆಯೇ ಇದ್ದು ಎಚ್ಚೆತ್ತವನು. ಇಳಿದು ಬಂದವನಿಗೆ ಕೈ ಮುಗಿಯಬಹುದು. ಎಚ್ಚೆತ್ತವನನ್ನು ಕಂಡರೆ ನಾವೂ ಏಳಬಹುದು. ಹುಟ್ಟಿನಿಂದ ಕೀಳು ಎನಿಸಿಕೊಂಡವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಆ ಅಜ್ಜಿ ಸಿಕ್ಕರೆ ಇಷ್ಟು ಹೇಳುತ್ತೇನೆ: ಗಂಧದಕಡ್ಡಿ ಹಚ್ಚಿ ಅಜ್ಜಿ, ತಪ್ಪೇನಿಲ್ಲ. ಆದರೆ ವರ ಕೇಳಬೇಡಿ. ಈತ ವರ ಕೊಡೋನಲ್ಲ, ದಾರಿ ತೋರಿಸೋನು.