ಸ್ಯಾಕರಿನ್: ಕಲಬೆರಕೆಯಿಂದ ಪಥ್ಯಕ್ಕೆ

ಸಕ್ಕರೆಗೆ ಬದಲಾಗಿ ಆಹಾರದಲ್ಲಿ ಬಳಸಲ್ಪಡುವ ಕೃತಕ ಮಧುರದ್ರವ್ಯಗಳಲ್ಲಿ ಸ್ಯಾಕರಿನ್ ಮೊದಲನೆಯದು. ಅದು ಸಕ್ಕರೆಗಿಂತ ಸುಮಾರು 300 ಪಾಲು ಸಿಹಿಯಾದುದು; ದೇಹಕ್ಕೆ ಯಾವ ಪೋಷಣೆಯನ್ನೂ ಒದಗಿಸದೆ, ಬಹುಮಟ್ಟಿಗೆ ಇದ್ದ ರೂಪದಲ್ಲಿಯೇ ಮೂತ್ರದ ಮೂಲಕ ಹೊರಬೀಳತಕ್ಕದ್ದು. ಅದರ ಚರಿತ್ರೆಯನ್ನು ಹಿತವೋ ಅಹಿತವೋ ಎಂಬ ವಿವಾದದ ಚರಿತ್ರೆಯಾಗಿ ಹೇಳುವುದು ವಾಡಿಕೆ. ಆದರೆ ಘಟನೆಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದಾಗ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಈ ಪದಾರ್ಥದಲ್ಲಿ ಆಹಾರಸತ್ತ್ವವಿಲ್ಲವೆಂಬುದು ಮೊದಲು ಅದರ ಮೇಲೆ ಹೊರಿಸಿದ ಮುಖ್ಯ ದೋಷವಾಗಿದ್ದಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಅದರ ಗುಣವೆನಿಸಿತು. ಈ ಮಾರ್ಪಾಡು ಹೇಗಾಯಿತೆಂಬುದೇ ಇಲ್ಲಿಯ ವಿಚಾರ.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಐರಾ ರೆಮ್ಸೆನ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಿದ್ದಿತು. ಅಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನಜ್ಞನು ಕಲ್ಲಿದ್ದಲಿನ ಟಾರಿನಿಂದ ಪಡೆದ ಸಂಯುಕ್ತಗಳನ್ನು ಪರೀಕ್ಷಿಸುತ್ತಿದ್ದನು. ಒಂದು ದಿನ ಕೈಯನ್ನು ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತಾಗ ರೊಟ್ಟಿ ಸಿಹಿಯಾಗಿ ತೋರಿತೆಂದೂ, ಕೂಡಲೇ ಪ್ರಯೋಗಶಾಲೆಗೆ ಹಿಂದಿರುಗಿ ಮೇಜಿನ ಮೇಲಿನ ಪಾತ್ರೆಗಳಲ್ಲಿದ್ದುದನ್ನೆಲ್ಲ ನಾಲಗೆಗಿಟ್ಟು ಸಿಹಿಯ ಮೂಲವನ್ನು ಕಂಡುಹಿಡಿದೆನೆಂದೂ ಆತನೇ 1886ರಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ವಿದ್ಯಾರ್ಥಿಗಳು ಹೀಗೆ ಮಾಡಿದರೆ ಅವರಿಗೆ ದೊರೆಯುವುದು ಕೀರ್ತಿಯಲ್ಲ, ಅಧ್ಯಾಪಕರ ಛೀಮಾರಿ. ಅದಿರಲಿ. 1879ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇಬ್ಬರ ಹೆಸರೂ ಇದ್ದಿತು. ಮುಂದೆ ಫಾಲ್‌ಬರ್ಗ್ ಪಡೆದ ಪೇಟೆಂಟುಗಳಲ್ಲಿ ರೆಮ್ಸೆನ್ನರ ಹೆಸರಿರಲಿಲ್ಲ. ಇದರಿಂದ ಹುಟ್ಟಿದ ವೈಮನಸ್ಯ ಕಡೆಯವರೆಗೂ ಉಳಿಯಿತು. ಹೊಸ ಪದಾರ್ಥಕ್ಕೆ ಇಟ್ಟ ಹೆಸರು ಲ್ಯಾಟಿನ್ನಿನ ‘ಸಾಕ್ಕರುಂ’ ಶಬ್ದದಿಂದ ಬಂದುದು. ಅದರ ಮೂಲ ಸಂಸ್ಕೃತದ ‘ಶರ್ಕರಾ’ ಶಬ್ದ. ಆದಕಾರಣ ಕನ್ನಡದ ಸಕ್ಕರೆಯೂ ಜರ್ಮನಿಯಲ್ಲಿ ತಯಾರಾದ ಸ್ಯಾಕರಿನ್ನೂ ಹೆಸರಿನಲ್ಲಾದರೂ ದಾಯಾದಿಗಳು.

ದಾಯಾದಿತನ ಹೆಸರಿಗಷ್ಟೇ ನಿಲ್ಲಲಿಲ್ಲ. ಫಾಲ್‌ಬರ್ಗ್ ತನ್ನ ಕಾರ್ಖಾನೆಯನ್ನು ಸ್ಥಾಪಿಸಿದ್ದು ಜರ್ಮನಿಯ ಮಾಗ್ಡೆಬುರ್ಗ್ ನಗರದ ಸಮೀಪದಲ್ಲಿ. ಅದು ಸಕ್ಕರೆ ಬೀಟಿನ ಬೇಸಾಯಕ್ಕೆ ಹೆಸರಾದ ಸೀಮೆ. ಬೀಟಿನಲ್ಲಿ ಸಕ್ಕರೆಯಿರುವುದನ್ನು 1747ರಲ್ಲಿ ಮಾರ್ಗ್‌ಗ್ರಾಫ್ ತೋರಿಸಿಕೊಟ್ಟ ಮೇಲೆ ಬೆಳೆದು ಬಂದ ಆ ಉದ್ಯಮದಲ್ಲಿ ರೈತರ ಹೊಲವೂ ಸರ್ಕಾರದ ತೆರಿಗೆಯೂ ಹೆಣೆದುಕೊಂಡಿದ್ದುವು. ಅಗ್ಗದ ಸಿಹಿಯನ್ನು ಅದು ಸಹಿಸುವುದು ಸಾಧ್ಯವಿರಲಿಲ್ಲ. 1898ರಲ್ಲಿ ಸ್ಯಾಕರಿನ್ನಿನ ಮೇಲೆ ನಿರ್ಬಂಧಗಳು ಬಂದುವು. 1902ರ ಶಾಸನವು ಅದನ್ನು ಔಷಧದ ಅಂಗಡಿಗಳಿಗೆ ಸೀಮಿತಗೊಳಿಸಿತು. ತಯಾರಿಕೆಯನ್ನು ನಿಷೇಧಿಸದಿದ್ದ ಸ್ವಿಟ್ಸರ್ಲೆಂಡಿನಿಂದ ಗಡಿ ದಾಟಿ ಸ್ಯಾಕರಿನ್ ಕಳ್ಳಸಾಗಣೆಯಾಗತೊಡಗಿತು. ಉಡುಪುಗಳ ಒಳಪದರಗಳಲ್ಲಿ ಹೊಲಿದುಕೊಂಡು ಒಯ್ಯುವವರೂ ಇದ್ದರು. ಸಕ್ಕರೆ ಕೊಳ್ಳಲಾರದ ಬಡವರ ಸಿಹಿ ಅದಾಗಿದ್ದಿತೆಂಬುದನ್ನು ಇಲ್ಲಿ ಮರೆಯಬಾರದು.

ಅಮೆರಿಕದಲ್ಲಿ ವಿವಾದ ಬೇರೆ ಬಗೆಯದಾಗಿದ್ದಿತು. 1901ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸ್ಥಾಪಿತವಾದ ಮಾನ್ಸಾಂಟೊ ಸಂಸ್ಥೆಯ ಮೊದಲ ಉತ್ಪನ್ನವೇ ಸ್ಯಾಕರಿನ್. ಪಾನೀಯಗಳಲ್ಲಿಯೂ ಡಬ್ಬಿಯ ಆಹಾರದಲ್ಲಿಯೂ ಅದು ಗ್ರಾಹಕನಿಗೆ ತಿಳಿಯದಂತೆ ಸೇರುತ್ತಿದ್ದಿತು. 1906ರ ಶುದ್ಧಾಹಾರ ಶಾಸನವನ್ನು ಜಾರಿಗೆ ತರುವ ಹೊಣೆ ಹೊತ್ತ ಹಾರ್ವೆ ವೈಲಿ ಇದನ್ನು ಮೋಸವೆಂದು ಪರಿಗಣಿಸಿದರು. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಮುಂದೆ ಈ ಮಾತು ಬಂದಿತು. ಡಬ್ಬಿಯ ಜೋಳಕ್ಕೆ ಸಕ್ಕರೆಯ ಬದಲು ಸ್ಯಾಕರಿನ್ ಹಾಕಿ ತಮ್ಮ ಸಂಸ್ಥೆ ಹಿಂದಿನ ವರ್ಷ 4000 ಡಾಲರ್ ಉಳಿಸಿತೆಂದು ಜೇಮ್ಸ್ ಷರ್ಮನ್ ಎಂಬ ಕಾಂಗ್ರೆಸ್ ಸದಸ್ಯರು ಹೇಳಿದರು. ಆ ಜೋಳವನ್ನು ತಿಂದವರೆಲ್ಲರೂ ವಂಚಿತರಾದರು, ಸಕ್ಕರೆಯೆಂದು ಭಾವಿಸಿ ಅವರು ತಿಂದದ್ದು ಆಹಾರಸತ್ತ್ವವಿಲ್ಲದ, ಆರೋಗ್ಯಕ್ಕೆ ಹಾನಿಕರವಾದ ಟಾರಿನ ಪದಾರ್ಥವೆಂದು ವೈಲಿ ನಡುವೆಯೇ ನುಡಿದರು. ತಮ್ಮ ವೈದ್ಯನ ಸಲಹೆಯಂತೆ ದಿನವೂ ಸ್ಯಾಕರಿನ್ ಸೇವಿಸುತ್ತಿದ್ದ ರೂಸ್‌ವೆಲ್ಟರು ಕೆರಳಿ, ಅದು ಹಾನಿಕರವೆನ್ನುವವನು ಮೂರ್ಖನೆಂದರಂತೆ. ಈ ವೃತ್ತಾಂತವನ್ನು ದಾಖಲಿಸಿದವರು ವೈಲಿಯವರೇ. ತಮಗೆ ಆದ ಮುಖಭಂಗವನ್ನು ಅವರು ಮರೆಮಾಚದಿರುವುದರಿಂದ ಅದನ್ನು ನಂಬಲು ಅಡ್ಡಿಯಿಲ್ಲ. ವೈಲಿಯವರ ವಾದದಲ್ಲಿ ಎರಡು ಎಳೆಗಳಿದ್ದುವು: ವಂಚನೆ ಒಂದು, ವಿಷ ಮತ್ತೊಂದು. ಮೊದಲನೆಯದಕ್ಕೆ ಆಧಾರವಿದ್ದಿತು, ಎರಡನೆಯದಕ್ಕೆ ಆಗ ಇರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಬಲವಾದ ವಾದವೂ ಸೋತಿತು.

ಅದೇ ವರ್ಷ ಸರ್ಕಾರ ತಜ್ಞಮಂಡಲಿಯೊಂದನ್ನು ನೇಮಿಸಿತು. ಅದರ ಮುಖ್ಯಸ್ಥರು ಬೇರೆ ಯಾರೂ ಅಲ್ಲ, ರೆಮ್ಸೆನ್ನರು! ದಿನಕ್ಕೆ 0.3 ಗ್ರಾಂ ಪ್ರಮಾಣದ ಸ್ಯಾಕರಿನ್ ಹಾನಿಕರವಲ್ಲ, 1 ಗ್ರಾಂ ಮೀರಿದರೆ ಜೀರ್ಣಶಕ್ತಿ ಕೆಡಬಹುದು ಎಂಬುದು ಮಂಡಲಿಯ ನಿರ್ಣಯ. ಆದರೂ 1912ರಿಂದ ಸಾಮಾನ್ಯ ಆಹಾರದಲ್ಲಿ ಅದನ್ನು ಕಲಬೆರಕೆಯೆಂದು ಪರಿಗಣಿಸಲಾಯಿತು. ಕಾರಣ, ಸಕ್ಕರೆಯ ಸ್ಥಾನದಲ್ಲಿ ಅದನ್ನು ಹಾಕಿದರೆ ಆಹಾರದ ಪೋಷಕಶಕ್ತಿ ಕುಗ್ಗುತ್ತದೆ ಎಂಬುದು. ಸಕ್ಕರೆಯನ್ನು ಶಕ್ತಿದಾಯಕವೆಂದು ಎಣಿಸುತ್ತಿದ್ದ ಕಾಲದಲ್ಲಿ ಈ ತೀರ್ಮಾನ ನ್ಯಾಯವಾಗಿಯೇ ಇದ್ದಿತು.

ಮೊದಲನೆಯ ಮಹಾಯುದ್ಧದಲ್ಲಿ ಸಕ್ಕರೆ ದುರ್ಲಭವಾದಾಗ ನಿರ್ಬಂಧಗಳು ಸಡಿಲವಾದುವು. ಅನಂತರ ಸಿರಿವಂತ ದೇಶಗಳಲ್ಲಿ ಜನರ ಭಯವೇ ಬದಲಾಯಿತು: ಹಸಿವಿನ ಸ್ಥಾನಕ್ಕೆ ಬೊಜ್ಜು ಬಂದಿತು. 1957ರಲ್ಲಿ ಬ್ರೂಕ್ಲಿನ್ನಿನ ಬೆಂಜಮಿನ್ ಐಸನ್‌ಸ್ಟಾಟ್ ಎಂಬವರು ‘ಸ್ವೀಟ್ ಅಂಡ್ ಲೋ’ ಎಂಬ ಗುಲಾಬಿ ಬಣ್ಣದ ಪೊಟ್ಟಣವನ್ನು ಮಾರುಕಟ್ಟೆಗೆ ತಂದರು. ಹಿಂದೆ ಡಬ್ಬಿಯೊಳಗೆ ಅಡಗಿಸಿಡುತ್ತಿದ್ದುದನ್ನು ಈಗ ಪೊಟ್ಟಣದ ಮೇಲೆ ಹೆಮ್ಮೆಯಿಂದ ಅಚ್ಚುಮಾಡಲಾಯಿತು.

ಹಾನಿಯ ಪ್ರಶ್ನೆ ಮತ್ತೆ ತಲೆಯೆತ್ತಿದ್ದು 1977ರಲ್ಲಿ. ಕೆನಡಾದಲ್ಲಿ, ಆಹಾರದ ಶೇಕಡ 5ರಷ್ಟು ಸ್ಯಾಕರಿನ್ ತಿನ್ನಿಸಿದ ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆಗಳು ಕಂಡುಬಂದುವು. 1958ರ ಡೆಲಾನಿ ವಿಧಿಯು ಪ್ರಾಣಿಗಳಲ್ಲಿ ಕ್ಯಾನ್ಸರ್ ಉಂಟುಮಾಡುವ ಯಾವ ಸೇರ್ಪಡೆಯನ್ನೂ ಆಹಾರದಲ್ಲಿ ಒಪ್ಪುತ್ತಿರಲಿಲ್ಲವಾದುದರಿಂದ, ಅಮೆರಿಕ ಸರ್ಕಾರ ನಿಷೇಧವನ್ನು ಸೂಚಿಸಿತು. ಇನ್ನೊಂದು ಮಧುರದ್ರವ್ಯವಾದ ಸೈಕ್ಲಮೇಟ್ 1969ರಲ್ಲಿಯೇ ನಿಷಿದ್ಧವಾಗಿದ್ದುದರಿಂದ ಮಧುಮೇಹಿಗಳಿಗೆ ಅಲ್ಲಿ ಉಳಿದಿದ್ದುದು ಸ್ಯಾಕರಿನ್ ಒಂದೇ. ಅವರೂ ತೂಕ ಇಳಿಸಿಕೊಳ್ಳಬಯಸುವವರೂ ತಯಾರಕರೂ ಒಟ್ಟಾಗಿ ಪ್ರತಿಭಟಿಸಿದರು. ಕಾಂಗ್ರೆಸ್ಸು ನಿಷೇಧವನ್ನು ತಡೆಹಿಡಿದು, ಪೊಟ್ಟಣದ ಮೇಲೆ ಎಚ್ಚರಿಕೆಯ ಒಕ್ಕಣೆಯಿರಬೇಕೆಂದಷ್ಟೇ ವಿಧಿಸಿತು. ಇಲಿಗಳಲ್ಲಿ ಗೆಡ್ಡೆ ಹುಟ್ಟುವ ಕ್ರಮ ಅವುಗಳ ಮೂತ್ರದ ವಿಶಿಷ್ಟ ರಚನೆಗೆ ಸಂಬಂಧಿಸಿದ್ದು, ಮನುಷ್ಯರಿಗೆ ಅನ್ವಯಿಸದೆಂದು ಮುಂದಿನ ಸಂಶೋಧನೆಗಳು ತೋರಿಸಿದ ಮೇಲೆ 2000ದಲ್ಲಿ ಆ ಒಕ್ಕಣೆಯನ್ನೂ ಕೈಬಿಡಲಾಯಿತು.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೂಕದ ನಿಯಂತ್ರಣಕ್ಕಾಗಿ ಇಂಥ ಮಧುರದ್ರವ್ಯಗಳನ್ನು ಬಳಸಬಾರದೆಂದು ಸಲಹೆಯಿತ್ತಿತು. ದೀರ್ಘಕಾಲದಲ್ಲಿ ಅವುಗಳಿಂದ ದೇಹದ ಕೊಬ್ಬು ಇಳಿಯುವುದೆಂಬುದಕ್ಕೆ ಆಧಾರ ದೊರೆತಿಲ್ಲವೆಂಬುದು ಅದರ ಅಭಿಪ್ರಾಯ. ಈಗಾಗಲೇ ಮಧುಮೇಹವಿರುವವರನ್ನು ಮಾತ್ರ ಆ ಸಲಹೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ. 1902ರ ಜರ್ಮನ್ ಶಾಸನವೂ ಔಷಧದ ಅಂಗಡಿಯ ಬಾಗಿಲನ್ನು ತೆರೆದಿಟ್ಟದ್ದು ಮುಖ್ಯವಾಗಿ ಇಂಥ ರೋಗಿಗಳಿಗಾಗಿಯೇ.